ಹೊಲಿಗೆಗೆ ಬಿಟ್ಟ ಒಂದಡಿ

ತಾನು ಸತ್ತ ಮೇಲೆ ಮಕ್ಕಳು ಕಚ್ಚಾಡಬಾರದು ಎಂದು ಮಾಸ್ಟರ್ ತೀರ್ಮಾನಿಸಿದ್ದಕ್ಕೆ ಘನವಾದ ಕಾರಣವೇನೂ ಇರಲಿಲ್ಲ. ಒಂದು ಏಣಿ ಇತ್ತು, ಅಷ್ಟೇ. ಅವರ ಇಬ್ಬರು ಅಣ್ಣಂದಿರು ತಮ್ಮ ಅಪ್ಪ ಬಿಟ್ಟುಹೋದ ಮರದ ಏಣಿಗಾಗಿ ಹದಿನೇಳು ವರ್ಷ ಮಾತು ಬಿಟ್ಟಿದ್ದರು. ಕೊನೆಗೆ ನಾಲ್ಕು ಜನ ಸೇರಿಸಿ ರಾಜಿ ಮಾಡಿಕೊಂಡು, ಏಣಿಯನ್ನು ಉದ್ದಕ್ಕೆ ಗರಗಸ ಹಾಕಿ ಸೀಳಿ, ಆಳಿಗೊಂದು ಕಂಬ, ಅದಕ್ಕೆ ಅಂಟಿಕೊಂಡ ಅರ್ಧರ್ಧ ಮೆಟ್ಟಿಲು ಹಂಚಿಕೊಂಡಿದ್ದರು. ಇಬ್ಬರೂ ಸಾಯುವ ತನಕ ತಮ್ಮ ತಮ್ಮ ಅರ್ಧವನ್ನು ಗೋಡೆಗೆ ಒರಗಿಸಿಟ್ಟು ನೋಡಿ ಸುಖಪಟ್ಟರು. ಹತ್ತಿದವರು ಯಾರೂ ಇಲ್ಲ.

"ನಮ್ಮ ಮನೇಲಿ ಹಾಗಾಗಬಾರದು ನೋಡಿ," ಎಂದು ಮಾಸ್ಟರ್ ತಮ್ಮ ಹೊಲಿಗೆ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. "ನಾನು ಬದುಕಿರೋವಾಗಲೇ ಅಳೆದು ಕತ್ತರಿಸಿ ಕೈಗೆ ಕೊಟ್ಟುಬಿಡ್ತೀನಿ." ತೋಳು ಚಾಚಿ ನಿಂತ ಗಿರಾಕಿ ತಲೆ ತೂಗಲೇಬೇಕು. ಅವನ ಕಂಕುಳಲ್ಲಿ ಟೇಪು ಇರುತ್ತಿತ್ತು.

ಟೇಪು ಹಿಡಿದಿರುತ್ತಿದ್ದವಳು ಮಗಳು. ಅವಳಿಗೆ ನಲವತ್ತೆರಡು. ಇಪ್ಪತ್ತೆರಡು ವರ್ಷದಿಂದ ಅದೇ ಅಂಗಡಿ, ಅದೇ ಕತ್ತರಿ ಮೇಜು. ಆರು ವರ್ಷದ ಹಿಂದೆ ಮಾಸ್ಟರರ ಕೈ ನಡುಗಲು ಶುರುವಾದಾಗಿನಿಂದ ಅಲ್ಲಿ ಕತ್ತರಿಸಿದ ಕೋಟುಗಳೆಲ್ಲ ಅವಳವೇ. ಬೋರ್ಡಿನಲ್ಲಿ ಮಾತ್ರ ಅಪ್ಪನ ಹೆಸರು. ಯಾರಾದರೂ ಕನ್ನಡಿಯ ಮುಂದೆ ಭುಜ ಕುಣಿಸಿ "ಮಾಸ್ಟರ್ ಕೈ ಅಂದ್ರೆ ಕೈ" ಎಂದಾಗ, ಮಾಸ್ಟರ್ ನಡುಗುವ ಆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ವಿನಯದಿಂದ ಕಣ್ಣು ಮುಚ್ಚುತ್ತಿದ್ದರು. ಅವಳು ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಇನ್ನೊಂದಿಷ್ಟು ಗಟ್ಟಿಯಾಗಿ ಕಚ್ಚಿಕೊಳ್ಳುತ್ತಿದ್ದಳು.

ಮೇಜು ಮೂರಡಿ ಅಗಲ, ಎಂಟಡಿ ಉದ್ದ. ಮನೆಯ ಮುಂಗೋಣೆಯೇ ಅಂಗಡಿ, ಅದರ ನಟ್ಟನಡುವೆ ಛಾವಣಿಗೆ ಕೂರಿಸಿದ ಗಾಜಿನ ಕೆಳಗೆ ಅದರ ಜಾಗ. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣಬೇಕಾದರೆ ಆ ಬೆಳಕೇ ಬೇಕು. ಅವಳ ಬಾಡಿಗೆ ಕೋಣೆ ಎರಡು ಬೀದಿ ಆಚೆ. ಅಲ್ಲಿ ಹಾಸಿಗೆ ಬಿಚ್ಚಿದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಈ ಮೇಜು ಹೋದರೆ ಅವಳಿಗೆ ಉಳಿಯುವುದು ಕತ್ತರಿ ಒಂದೇ. ಅದನ್ನು ಚೀಲದಲ್ಲಿ ಹಾಕಿಕೊಂಡು ಯಾವನದೋ ಅಂಗಡಿಗೆ ಹೋಗಿ ಮೂಲೆಯಲ್ಲಿ ಕೂತು ಗುಂಡಿ ಹಚ್ಚಬೇಕು. ಬೇರೆ ಯಾವ ಭಯವೂ ಅವಳಿಗಿರಲಿಲ್ಲ. ಇದೊಂದಿತ್ತು.

ಹಂಚಿಕೆ ನಡೆದದ್ದು ಒಂದು ಭಾನುವಾರ ಬೆಳಿಗ್ಗೆ, ಆ ಮೇಜಿನ ಮೇಲೇ. ಅಣ್ಣ ಬಣ್ಣದ ಅಂಗಡಿಯಲ್ಲಿ ಮಾರಾಟಗಾರ, ಮನೆಯ ಬಲಭಾಗದ ಕೋಣೆಗಳಲ್ಲಿ ಸಂಸಾರ. ತಮ್ಮ ಕಾರು ಓಡಿಸುವುದನ್ನು ಕಲಿಸುವ ಶಾಲೆಯಲ್ಲಿ ಮೇಷ್ಟ್ರು, ಎಡಭಾಗದ ಕೋಣೆಗಳಲ್ಲಿ ಸಂಸಾರ. ಇಬ್ಬರೂ ಹೆಂಡತಿಯರ ಜೊತೆ ಸ್ನಾನ ಮಾಡಿ, ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದಿದ್ದರು. ತ್ಯಾಗಕ್ಕೆ ಸಾಕ್ಷಿಯಾಗಲು ಬಂದವರ ಮುಖ ಹೇಗಿರಬೇಕೋ ಹಾಗಿತ್ತು ಅವರ ಮುಖ.

ಮಾಸ್ಟರ್ ಮಾದರಿ ಕತ್ತರಿಸುವ ಕಂದು ಕಾಗದವನ್ನು ಹಾಸಿದರು. ಮನೆ ಇಪ್ಪತ್ತನಾಲ್ಕು ಅಡಿ ಅಗಲ, ನಲವತ್ತು ಅಡಿ ಉದ್ದ. ಅಡಿಗೊಂದು ಇಂಚಿನಂತೆ ಅದನ್ನು ಕಾಗದದ ಮೇಲೆ ಇಳಿಸಿ, ನಡುವೆ ಗೆರೆ ಎಳೆದಿದ್ದರು. ಬಲಗಡೆ ಹಿರಿಯವನಿಗೆ, ಎಡಗಡೆ ಕಿರಿಯವನಿಗೆ.

"ಅಕ್ಕನಿಗೆ?" ಎಂದ ತಮ್ಮ. ಕೇಳದಿದ್ದರೆ ಚೆನ್ನಾಗಿರಲ್ಲ ಅನ್ನುವಷ್ಟೇ ಧ್ವನಿಯಲ್ಲಿ.

"ಅವಳಿಗೆ ಕೆಲಸ ಕಲಿಸಿದೀನಲ್ಲಪ್ಪ. ಅದಕ್ಕಿಂತ ದೊಡ್ಡ ಆಸ್ತಿ ಯಾವುದಿದೆ? ಯಾರೂ ಕಿತ್ಕೊಳ್ಳೋಕಾಗಲ್ಲ."

ಕೋಣೆಯಲ್ಲಿ ಎಲ್ಲರಿಗೂ ಒಮ್ಮೆಗೇ ಉಸಿರಾಟ ಸಲೀಸಾಯಿತು. ಅತ್ತಿಗೆ ಕಣ್ಣು ಒರೆಸಿಕೊಂಡಳು. ಆಕೆಗೆ ಬೇರೆಯವರ ಪಾಲಿನ ಆದರ್ಶ ಕಂಡರೆ ಬೇಗ ಕಣ್ಣೀರು ಬರುತ್ತದೆ.

"ಮೇಜು?" ಎಂದು ಕೇಳಿದಳು ಮಗಳು.

"ಮೇಜು ಎಲ್ಲಿಗೆ ಹೋಗುತ್ತೆ? ಇದ್ದಲ್ಲೇ ಇರುತ್ತೆ. ನಿನ್ನ ಅಣ್ಣ ತಮ್ಮ ಬೇಡ ಅಂತಾರಾ?"

ಅಣ್ಣ ತಮ್ಮ ಇಬ್ಬರೂ ಫ್ಯಾನಿನ ಹಾಗೆ ತಲೆ ಆಡಿಸಿದರು.

ಮಾಸ್ಟರ್ ಕಾಗದವನ್ನು ಅವಳ ಕಡೆ ತಳ್ಳಿದರು. "ಅಳತೆ ಸರಿಯಿದೆಯಾ ನೋಡು. ಆಮೇಲೆ ಒಬ್ಬರೂ ಒಂದು ಮಾತೂ ಆಡಬಾರದು."

ತನಗೆ ಬಾರದ ಮನೆಯ ಅಳತೆಯನ್ನು ಅವಳು ಎರಡು ಸಲ ನೋಡಿದಳು. ಒಂದು ಸಲ ನೋಡಿ ಬಿಡುವುದು ಅವಳ ಜಾಯಮಾನವಲ್ಲ. ನಡುಗೆರೆಯ ಆಚೆ ಈಚೆ ನಡುಗುವ ಅಕ್ಷರದಲ್ಲಿ "ಹೊಲಿಗೆಗೆ ಅರ್ಧ", "ಹೊಲಿಗೆಗೆ ಅರ್ಧ" ಎಂದಿತ್ತು. ಹೊರಗಿನ ಗೋಡೆಗಳ ಕಡೆ ಏನೂ ಬಿಟ್ಟಿರಲಿಲ್ಲ. ಅದು ಬಟ್ಟೆಯ ಸ್ವಂತ ಅಂಚು, ಅಲ್ಲಿ ಹೊಲಿಗೆ ಬೀಳುವುದಿಲ್ಲ. ಹನ್ನೆರಡರಲ್ಲಿ ಅರ್ಧ ಕಳೆದು ಹನ್ನೊಂದೂವರೆ, ಈ ಕಡೆಯೂ ಹನ್ನೊಂದೂವರೆ. ಲೆಕ್ಕ ಮುತ್ತಿನ ಹಾಗಿತ್ತು.

"ಸರಿಯಿದೆ," ಎಂದಳು.

ಆಸ್ತಿ ಪತ್ರ ಬರೆಯುವವನು ಕಾಗದದಲ್ಲಿದ್ದ ಹನ್ನೊಂದೂವರೆ ಇಂಚನ್ನು ಹನ್ನೊಂದೂವರೆ ಅಡಿ ಎಂದು ಬರೆದುಕೊಂಡ. ನೋಂದಣಿ ಕಚೇರಿಯಲ್ಲಿ ಮಾಸ್ಟರ್ ಮಗಳು ಹೊಲಿದ ಕೋಟು ಹಾಕಿಕೊಂಡು ಹೆಬ್ಬೆಟ್ಟು ಒತ್ತಿದರು. ಸಹಿ ನಡುಗಿದರೆ ಚೆನ್ನಾಗಿ ಕಾಣುವುದಿಲ್ಲ ಎಂದು. ಕಂದು ಕಾಗದ ಮತ್ತೆ ಅಂಗಡಿಗೆ ಬಂದು, ಉಳಿದ ಮಾದರಿಗಳ ಜೊತೆ ಮೊಳೆಗೆ ನೇತಾಡಿತು.

ಆಮೇಲೆ ಸೌಹಾರ್ದ ಶುರುವಾಯಿತು. ಮನೆಯಿಲ್ಲದ ಮಾಸ್ಟರರ ಮಂಚ ಪ್ರತಿ ಒಂದನೇ ತಾರೀಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಿತ್ತು. ಇಬ್ಬರು ಸೊಸೆಯರೂ ಅವರನ್ನು ಚೆನ್ನಾಗಿಯೇ ನೋಡಿಕೊಂಡರು, ಮೂವತ್ತನೇ ತಾರೀಕಿನ ತನಕ. "ಅದೇನೋ ಮೂವತ್ತೊಂದು ದಿನದ ತಿಂಗಳೆಲ್ಲ ನಮ್ಮ ಕಡೆಗೇ ಬರ್ತವೆ," ಎಂದು ಅತ್ತಿಗೆ ಜುಲೈ ತಿಂಗಳಲ್ಲಿ ನಗುತ್ತಾ ಹೇಳಿದಳು. ಆಗಸ್ಟಿನಲ್ಲಿ ತಮ್ಮನ ಹೆಂಡತಿ ಕ್ಯಾಲೆಂಡರ್ ನೋಡಿದಾಗ ಅವಳಿಗೆ ನಗು ಬರಲಿಲ್ಲ.

ವರ್ಷ ತುಂಬುವ ಮೊದಲೇ ಅಣ್ಣನಿಗೆ ತನ್ನ ಅರ್ಧ ಮುಂಗೋಣೆಯನ್ನು ಜೆರಾಕ್ಸ್ ಅಂಗಡಿಗೆ ಕೊಡುವ ಯೋಚನೆ ಬಂತು. ತಮ್ಮನಿಗೆ ಕನ್ನಡಕದ ಅಂಗಡಿಯವನು ಸಿಕ್ಕಿದ. ನಡುವೆ ಗೋಡೆ ಏಳಬೇಕು. ಮೇಜು ಏಳಬೇಕು.

"ಹಿಂದುಗಡೆ ಬಟ್ಟೆ ಒಗೆಯೋ ಜಾಗಕ್ಕೆ ಶೀಟು ಹಾಕಿಸ್ತೀವಿ," ಎಂದ ಅಣ್ಣ. "ಅಲ್ಲಿ ಆರಾಮಾಗಿ ಕೆಲಸ ಮಾಡ್ಕೊ."

"ಬೆಳಕು?"

"ಟ್ಯೂಬ್‌ಲೈಟ್ ಹಾಕಿಸ್ತೀನಿ ಕಣೇ. ಒಂದಲ್ಲ, ಎರಡು."

"ಗಿರಾಕಿ ಎಲ್ಲಿಂದ ಬರ್ತಾನೆ? ಪಕ್ಕದ ಮನೆ ಕಾಂಪೌಂಡ್ ಹಾರಿ?"

"ನೋಡಪ್ಪ, ಹೇಗೆ ಮಾತಾಡ್ತಾಳೆ," ಎಂದು ಅಣ್ಣ ಮಾಸ್ಟರರ ಕಡೆ ತಿರುಗಿದ.

ಮಾಸ್ಟರ್ ಕುರ್ಚಿಯಲ್ಲಿ ಕೂತಲ್ಲೇ ಸಂಕಟಪಟ್ಟರು. "ಜಗಳ ಬೇಡಮ್ಮ. ನೀನಾದರೂ ಅರ್ಥ ಮಾಡ್ಕೊ."

ಈ 'ನೀನಾದರೂ' ಅವಳಿಗೆ ಹಳೆಯ ಪರಿಚಯ. ಅಣ್ಣನಿಗೆ ಹೊಸ ಸೈಕಲ್ ಬಂದಾಗ, ತಮ್ಮನ ಓದಿಗೆ ಅಮ್ಮನ ಬಳೆ ಹೋದಾಗ, ಅವಳು ಸಂಜೆ ಕಾಲೇಜನ್ನು ಅರ್ಧಕ್ಕೆ ಬಿಟ್ಟಾಗ, ಪ್ರತಿ ಸಲವೂ ಇದೇ ಪದ ಬಂದು ಅವಳ ಪಕ್ಕ ಕೂತಿತ್ತು. ಮಾಸ್ಟರರ ಮನೆಯಲ್ಲಿ ಶಾಂತಿಗೆ ಬಟ್ಟೆ ಬೇಕಾದಾಗಲೆಲ್ಲ ಒಂದೇ ಥಾನಿನಿಂದ ಹರಿಯುತ್ತಿದ್ದರು.

ಗಾರೆಯವನು ಸೋಮವಾರ ಬಂದ. ದಾರ, ಮಟ್ಟದ ಹಲಗೆ, ಎರಡೂ ಪತ್ರಗಳ ನಕಲು. ಬಲಗೋಡೆಯಿಂದ ಹನ್ನೊಂದೂವರೆ ಅಡಿ ಅಳೆದು ಇಟ್ಟಿಗೆ ಚೂರಿನಿಂದ ಗೆರೆ ಎಳೆದ. ಎಡಗೋಡೆಯಿಂದ ಅಳೆದು ಇನ್ನೊಂದು ಗೆರೆ ಎಳೆದ. ಎರಡು ಗೆರೆಗಳೂ ಒಂದಡಿ ಅಂತರದಲ್ಲಿ ಮೇಜಿನ ಕೆಳಗೆ ತೂರಿ, ಮುಂಬಾಗಿಲ ಹೊಸ್ತಿಲಿನಿಂದ ಹಿತ್ತಲ ತನಕ ನೆಟ್ಟಗೆ ಓಡಿದವು. ಅವನು ತಲೆ ಕೆರೆದುಕೊಂಡು ಮತ್ತೆ ಅಳೆದ.

"ಸ್ವಾಮಿ, ಈ ಮಧ್ಯದ ಒಂದಡಿ ಯಾರದು?"

"ನಂದು," ಎಂದರು ಅಣ್ಣ ತಮ್ಮ ಒಟ್ಟಿಗೇ. ಅಷ್ಟು ಒಮ್ಮತ ಆ ಮನೆಯಲ್ಲಿ ಅದೇ ಮೊದಲು, ಅದೇ ಕೊನೆ.

ಮಗಳು ಕತ್ತರಿ ಕೆಳಗಿಟ್ಟು ಮೊಳೆಯ ಕಡೆ ನೋಡಿದಳು. ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಅರ್ಧ ಇಂಚು, ಅರ್ಧ ಇಂಚು. ಐವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಮನೆಗೂ ಹೊಲಿಗೆಯ ಅಂಚು ಬಿಟ್ಟಿತ್ತು, ಹೊಲಿದ ಮೇಲಿನ ಅಳತೆಯನ್ನೇ ಬರೆದಿತ್ತು. ಬಟ್ಟೆಯಾಗಿದ್ದರೆ ಎರಡು ತುಂಡುಗಳೂ ಸೇರಿ ಆ ಅಂಚು ಒಳಗೆ ಮಡಿಚಿಕೊಳ್ಳುತ್ತಿತ್ತು. ಮನೆಯನ್ನು ಯಾರು ಮಡಿಚುತ್ತಾರೆ? ಇನ್ನೂ ನಾಚಿಕೆಯ ವಿಷಯ, ಎರಡು ಸಲ ನೋಡಿ 'ಸರಿಯಿದೆ' ಎಂದವಳು ತಾನು. ಪತ್ರ ಬರೆದವನಿಗಾಗಲಿ, ಬಣ್ಣ ಮಾರುವವನಿಗಾಗಲಿ, ಸ್ಟೀರಿಂಗ್ ತಿರುಗಿಸುವವನಿಗಾಗಲಿ ಹನ್ನೊಂದೂವರೆ ಎರಡು ಸಲ ಸೇರಿದರೆ ಎಷ್ಟೆಂದು ಕೂಡಿಸಲು ತೋಚಿರಲಿಲ್ಲ. ಅವರನ್ನು ನೋಡಿ ನಗಬಹುದಿತ್ತು. ತನ್ನನ್ನು ನೋಡಿ ನಗುವುದು ಕಷ್ಟವಾಯಿತು.

ಪತ್ರದವನು ಬಂದು ಕನ್ನಡಕ ಏರಿಸಿ ಓದಿ ಹೇಳಿದ: ಇಬ್ಬರಿಗೂ ಕೊಡದೆ ಉಳಿದದ್ದು ಕೊಟ್ಟವರ ಹೆಸರಲ್ಲೇ ಉಳಿಯುತ್ತದೆ. ಅಂದರೆ ಬಾಗಿಲಿನಿಂದ ಹಿತ್ತಲಿನ ತನಕ, ಒಂದಡಿ ಅಗಲ, ನಲವತ್ತು ಅಡಿ ಉದ್ದ, ಮಾಸ್ಟರರದು. ಅದರ ಮೇಲೆ ಯಾರೂ ಗೋಡೆ ಕಟ್ಟುವಂತಿಲ್ಲ. ಮುಂಬಾಗಿಲ ನಟ್ಟನಡುವಿನ ಭಾಗವೂ ಅದರೊಳಗೇ.

ಆ ದಿನದಿಂದ ಮಾಸ್ಟರರ ಯೋಗ ಬದಲಾಯಿತು. ಅಣ್ಣ ಹೊಸ ದಿಂಬು ತಂದ. ತಮ್ಮ ಉಣ್ಣೆಯ ಕಾಲುಚೀಲ ತಂದ, ಬೇಸಿಗೆಯಲ್ಲಿ. "ಮಾವ, ಈ ತಿಂಗಳು ಮೂವತ್ತೊಂದಾದರೂ ನಮ್ಮಲ್ಲೇ ಇರಿ, ಏನಂತೆ," ಎಂದು ಅತ್ತಿಗೆ ಮಂಚದ ಒಂದು ಕಾಲು ಹಿಡಿದರೆ, "ಮುಂದಿನ ತಿಂಗಳ ತನಕ ಯಾಕೆ ಕಾಯಬೇಕು" ಎಂದು ತಮ್ಮನ ಹೆಂಡತಿ ಇನ್ನೊಂದು ಕಾಲು ಹಿಡಿಯುತ್ತಿದ್ದಳು. ಒಂದಡಿ ನೆಲಕ್ಕೆ ಇಷ್ಟು ಭಕ್ತಿ ಹುಟ್ಟುತ್ತದೆಂದು ಗೊತ್ತಿದ್ದರೆ ಮಾಸ್ಟರ್ ಗೋಡೆಗೊಂದಡಿ ಬಿಡುತ್ತಿದ್ದರೇನೋ.

ಮಕ್ಕಳ ಮುಂದೆ ಅವರು ಮುಗುಳ್ನಕ್ಕರು, ಅಷ್ಟೇ. ಗಿರಾಕಿಗಳ ಮುಂದೆ ನಾಲಿಗೆ ಸಡಿಲವಾಯಿತು. "ಬೇಕೂಂತಲೇ ಬಿಟ್ಟಿದ್ದು ಸ್ವಾಮಿ. ಇಬ್ಬರ ನಡುವೆ ಅಪ್ಪ ಅನ್ನೋನು ಒಂದಡಿಯಾದರೂ ಇರಬೇಕು."

ಗಿರಾಕಿ ಬೆರಗಾದ. ಮಗಳು ಅವನ ಸೊಂಟದ ಅಳತೆಯನ್ನು ಅಗತ್ಯಕ್ಕಿಂತ ಬಿಗಿಯಾಗಿ ತೆಗೆದುಕೊಂಡಳು.

ಅವತ್ತು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಅವಳು ಕೇಳಿದಳು. "ಮಾಸ್ಟರ್, ಆ ಒಂದಡಿ ನನ್ನ ಹೆಸರಿಗೆ ಬರೀರಿ."

ಅವರು ಬೆಚ್ಚಿದರು. "ನಿನಗಾ? ನಿನಗೆ ಬರೆದರೆ ಅವರಿಬ್ಬರೂ ಜಗಳ ತೆಗೀತಾರಲ್ಲಮ್ಮ."

"ಬರೀದಿದ್ದರೆ ನಾನು ಜಗಳ ತೆಗೆಯಲ್ಲ ಅಂತ ಹೇಗೆ ಗೊತ್ತು?"

"ನೀನು ಅಂಥವಳಲ್ಲ." ಬಹಳ ಪ್ರೀತಿಯಿಂದ ಹೇಳಿದರು. ಹೇಳಿ, ಕಣ್ಣು ಮುಚ್ಚಿ, ಹೊಸ ದಿಂಬಿಗೆ ತಲೆ ಕೊಟ್ಟರು.

ಅವಳು ಕೋಟಿನ ಕಾಲರಿಗೆ ಸೂಜಿ ಹಾಕುತ್ತಾ ತುಂಬ ಹೊತ್ತು ಕೂತಳು. ಏಣಿಯನ್ನು ಸೀಳಿದ ದೊಡ್ಡಪ್ಪಂದಿರೇ ಮೇಲು ಅನ್ನಿಸಿತು. ಅವರು ಕನಿಷ್ಠ ಜಗಳವಾಡಿ ಸೀಳಿದ್ದರು. ಇವರು ಜಗಳ ತಪ್ಪಿಸುವುದು ಎಂದು ಹೆಸರಿಟ್ಟು ಮಾಡಿದ್ದೇನು? ಯಾರು ಕೂಗುತ್ತಾರೋ ಅವರಿಗೆ ಕೊಟ್ಟರು, ಯಾರು ಕೂಗುವುದಿಲ್ಲವೋ ಅವಳನ್ನು ಹೊಗಳಿದರು.

ಶನಿವಾರ ಅಣ್ಣ ಒಬ್ಬನೇ ಬಂದ. ಬಾಗಿಲಲ್ಲಿ ನಿಂತು ಆಚೆ ಈಚೆ ನೋಡಿದ.

"ಆ ಕಂದು ಕಾಗದ ಇದೆಯಲ್ಲ, ಅಪ್ಪ ಗೆರೆ ಎಳೆದಿದ್ದು?"

"ಯಾಕೆ?"

"ಅದರಲ್ಲಿ ಏನೋ ಹೊಲಿಗೆ ಗಿಲಿಗೆ ಅಂತ ಬರೆದಿದ್ದರು ಅಂತ ನನ್ನ ಹೆಂಡತಿಗೆ ನೆನಪು. ಅದನ್ನ ತೋರಿಸಿದರೆ ಅಪ್ಪ ಅಡ್ಡ ಮಾತಾಡೋಕಾಗಲ್ಲ. ಅಳತೆ ತಪ್ಪು ಅಂತ ತಿದ್ದುಪಡಿ ಪತ್ರ ಮಾಡಿಸಿಬಿಡೋಣ. ಆರಾರು ಇಂಚು ಹಂಚಿಕೊಂಡರೆ ಮುಗೀತು. ನಾಳೆ ಪತ್ರದವನು ಬರ್ತಾನೆ."

"ಮೇಜು?"

"ಮೂರು ಟ್ಯೂಬ್‌ಲೈಟ್ ಹಾಕಿಸ್ತೀನಿ," ಎಂದ ಅಣ್ಣ, ಉದಾರಿಯಾಗಿ.

"ಹುಡುಕಿಡ್ತೀನಿ," ಎಂದಳು ಅವಳು. ಕಾಗದ ಅವನ ಕಿವಿಯ ಪಕ್ಕದಲ್ಲೇ, ಒಬ್ಬ ದಪ್ಪ ವಕೀಲನ ತೋಳಿನ ಮಾದರಿಯ ಹಿಂದೆ ನೇತಾಡುತ್ತಿತ್ತು.

ಭಾನುವಾರ ಮತ್ತೆ ಅದೇ ಮೇಜು, ಅದೇ ಇಸ್ತ್ರಿ ಹಾಕಿದ ಮುಖಗಳು. ಪತ್ರದವನು ತಿದ್ದುಪಡಿಯ ಕರಡು ಓದತೊಡಗಿದ. "ಹಿಂದಿನ ಪತ್ರದಲ್ಲಿ ಅಳತೆಯಲ್ಲಿ ಆಗಿರುವ ತಪ್ಪಿನಿಂದಾಗಿ..."

"ಯಾರ ತಪ್ಪು?" ಎಂದರು ಮಾಸ್ಟರ್.

"ಅದು ಬರೀ ಬರೆಯೋ ಪದ್ಧತಿ, ಸರ್."

"ಪದ್ಧತಿಯಾಗಲಿ ಏನಾಗಲಿ, ಅಳತೆಯಲ್ಲಿ ತಪ್ಪು ಅಂತ ನನ್ನ ಹೆಬ್ಬೆಟ್ಟಿನ ಮೇಲೆ ಬರೀತೀಯಾ?" ಅವರು ಕುರ್ಚಿಯ ಕೈಗೆ ಬಡಿದರು. "ಐವತ್ತು ವರ್ಷದಲ್ಲಿ ಒಂದು ಕೋಟು ವಾಪಸ್ ಬಂದಿಲ್ಲ."

ಮೂರು ಬಂದಿದ್ದವು. ಬಿಚ್ಚಿ ಸರಿಮಾಡಿ ಕಳಿಸಿದವಳು ಅಲ್ಲೇ ನಿಂತಿದ್ದಳು.

"ಅಪ್ಪ, ಬೇಕೂಂತ ಬಿಟ್ಟಿದ್ದಾದರೆ ಯಾಕೆ ಬಿಟ್ಟೆ ಅಂತಲಾದರೂ ಹೇಳು," ಎಂದ ತಮ್ಮ. "ಬಾಡಿಗೆಯವನು ಕಾಯ್ತಿದಾನೆ."

"ಅಂಚು ಬಿಡದೆ ಯಾವನಾದರೂ ಕತ್ತರಿಸ್ತಾನೇನೋ?"

"ಇದು ಮನೆ ಅಪ್ಪ, ಪ್ಯಾಂಟಲ್ಲ."

ಅಣ್ಣ ತಂಗಿಯ ಕಡೆ ನೋಡಿ ಹುಬ್ಬು ಹಾರಿಸಿದ. ಅವಳು ಮೊಳೆಯಿಂದ ಕಂದು ಕಾಗದದ ಸುರುಳಿ ತೆಗೆದಳು. ಮೇಜಿನ ಮೇಲೆ, ಅಪ್ಪನ ಕಣ್ಣಿಗೆ ಮಾತ್ರ ಬೀಳುವಂತೆ, ಒಂದು ಗೇಣು ಬಿಚ್ಚಿದಳು. "ಹೊಲಿಗೆಗೆ ಅರ್ಧ." ಮಾಸ್ಟರ್ ತಮ್ಮದೇ ನಡುಗಿದ ಅಕ್ಷರವನ್ನು ನೋಡಿದರು. ಮಗಳ ಮುಖ ನೋಡಿದರು. ಐವತ್ತು ವರ್ಷದ ಹೆಸರು ಅವಳ ಎರಡು ಬೆರಳ ನಡುವೆ ಸುರುಳಿಯಾಗಿತ್ತು.

"ಮಾಸ್ಟರ್ ಹೇಳೋದು ಸರಿ," ಎಂದಳು ಅವಳು, ಅಣ್ಣನನ್ನು ನೋಡದೆ. "ಅಂಚು ಯಾಕೆ ಬಿಡ್ತಾರೆ ಅಂತ ನನಗೆ ಮೊದಲ ದಿನ ಹೇಳಿಕೊಟ್ಟಿದ್ದೇ ಅವರು. ಮುಂದೆ ಯಾರಿಗೆ ಬಿಗಿ ಆಗುತ್ತೋ ಅವರಿಗೆ ಬಿಚ್ಚಿ ಕೊಡೋಕೆ. ಅಲ್ವಾ ಮಾಸ್ಟರ್?"

"ಹೌದು," ಎಂದರು ಮಾಸ್ಟರ್, ಎಚ್ಚರಿಕೆಯಿಂದ.

"ಈ ಮನೇಲಿ ಯಾರಿಗೆ ಬಿಗಿಯಾಗಿದೆ ಅಂತ ಅವರಿಗೆ ಆಗಲೇ ಗೊತ್ತಿತ್ತು. ನೀವೇ ಹೇಳಿ ಮಾಸ್ಟರ್. ಬೇಕೂಂತ ಬಿಟ್ಟಿದ್ದಾದರೆ ಯಾರಿಗೆ ಬಿಟ್ಟಿದ್ದು? ತಪ್ಪಿ ಬಿಟ್ಟಿದ್ದಾದರೆ, ಇಲ್ಲೇ ಇದೆ ಕಾಗದ, ಎಲ್ಲರೂ ನೋಡಲಿ."

ಸುರುಳಿಯ ಮೇಲಿದ್ದ ಅವಳ ಬೆರಳು ಇನ್ನೊಂದು ಇಂಚು ಸರಿಯಿತು. ಗಾಜಿನ ಬೆಳಕು ಕಾಗದದ ಮೇಲೆ ಚೆನ್ನಾಗಿ ಬೀಳುತ್ತಿತ್ತು. ಇದು ಹೆತ್ತ ಅಪ್ಪನಿಗೆ ಮಾಡುವ ಕೆಲಸವಲ್ಲ ಎಂದು ಅವಳಿಗೆ ಒಂದು ಕಡೆ ಅನ್ನಿಸುತ್ತಲೂ ಇತ್ತು. ಬೆರಳು ಮಾತ್ರ ನಡುಗಲಿಲ್ಲ.

ಮಾಸ್ಟರ್ ಗಂಟಲು ಸರಿಮಾಡಿಕೊಂಡರು. ಬೆನ್ನು ನೆಟ್ಟಗಾಯಿತು.

"ಅವಳಿಗೇ ಅಂತ ಬಿಟ್ಟಿದ್ದು," ಎಂದರು. "ಇನ್ಯಾರಿಗೆ ಬಿಡ್ತಾರೆ? ಆಗಲೇ ಹೇಳಿದರೆ ನೀವು ಜಗಳ ತೆಗೀತಿದ್ರಿ. ಅದಕ್ಕೇ ಹೇಳಲಿಲ್ಲ."

ಎರಡನೇ ವಾಕ್ಯ ಮುಗಿಯುವಷ್ಟರಲ್ಲಿ ಅವರೇ ಅದನ್ನು ನಂಬಿದ್ದರು. ಮೂರನೆಯದಕ್ಕೆ ಕಣ್ಣಲ್ಲಿ ನೀರೂ ಬಂತು.

"ಎಲ್ಲಾ ಮೊದಲೇ ಮಾತಾಡ್ಕೊಂಡು ಮಾಡಿದ ನಾಟಕ," ಎಂದಳು ಅತ್ತಿಗೆ. "ಕೆಲಸ ಕಲಿಸಿದ್ದು ಸಾಲದು ಅಂತ."

"ಹೌದು ಅತ್ತಿಗೆ," ಎಂದಳು ಮಗಳು. "ಒಂದಡಿ ಕಮ್ಮಿ ಬಿದ್ದಿತ್ತು."

ಪತ್ರದವನು ಕರಡನ್ನು ಹಿಂದೆ ಮುಂದೆ ಮಾಡಿ, ತಿದ್ದುಪಡಿ ಎಂಬುದನ್ನು ಹೊಡೆದುಹಾಕಿ ದಾನ ಎಂದು ಬರೆದ. ಮರುದಿನ ನೋಂದಣಿ ಕಚೇರಿಯಲ್ಲಿ ಮಾಸ್ಟರ್ ಹೆಬ್ಬೆಟ್ಟು ಒತ್ತಿದರು.

ದಿಂಬು ಆ ವಾರವೇ ಅಣ್ಣನ ಮಗನ ಮಂಚಕ್ಕೆ ಹೋಯಿತು. ಉಣ್ಣೆಯ ಕಾಲುಚೀಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಮಾಸ್ಟರರ ಮಂಚ ಮತ್ತೆ ಒಂದನೇ ತಾರೀಕಿಗೆ ಸರಿಯಾಗಿ ಆಚೆ ಈಚೆ ಹೋಗತೊಡಗಿತು.

ಮೇಜು ಮೂರಡಿ, ನೆಲ ಒಂದಡಿ. ಮೇಜಿನ ಕಾಲುಗಳು ತಮ್ಮ ನೆಲದಲ್ಲಿವೆ ಎಂದು ಅಣ್ಣ ತಮ್ಮ ಇಬ್ಬರೂ ತಲಾ ಎರಡು ಕಾಲಿಗೆ ತಕರಾರು ತೆಗೆದರು. ಅವಳು ಬಡಗಿಯನ್ನು ಕರೆಸಿ ನಾಲ್ಕೂ ಕಾಲನ್ನು ಒಳಕ್ಕೆ ಸರಿಸಿ ಒಂದಡಿಯೊಳಗೆ ನಿಲ್ಲಿಸಿ, ಪಾದಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಸಿದಳು. ಹಲಗೆ ಮಾತ್ರ ಇಬ್ಬರ ಕಡೆಗೂ ಒಂದೊಂದಡಿ ಗಾಳಿಯಲ್ಲಿ ಚಾಚಿಕೊಂಡಿತು. ಗಾಳಿಯ ವಿಷಯ ಪತ್ರದಲ್ಲಿ ಏನಿದೆ ಎಂದು ಅವರು ಇನ್ನೂ ವಿಚಾರಿಸುತ್ತಿದ್ದಾರೆ. ಬಾಗಿಲ ನಡುಭಾಗ ಅವಳದಾದ್ದರಿಂದ ಜೆರಾಕ್ಸಿನವನೂ ಕನ್ನಡಕದವನೂ ಬೇರೆ ಬೀದಿ ನೋಡಿಕೊಂಡರು.

ಮಾಸ್ಟರ್ ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. "ನಾನು ಮಗಳಿಗೆ ಹೇಗೆ ಕೊಟ್ಟೆ ಗೊತ್ತಾ? ಯಾರಿಗೂ ಗೊತ್ತಾಗದ ಹಾಗೆ. ಜಗಳ ಆಗಲೇಬಾರದು ನೋಡಿ." ಗಿರಾಕಿ ತೋಳು ಚಾಚಿ ತಲೆ ತೂಗುತ್ತಾನೆ. ಎರಡೂ ಕಡೆಯ ಕೋಣೆಗಳಲ್ಲಿ ಪಾತ್ರೆಗಳು ಸದ್ದು ಮಾಡುತ್ತವೆ.

ಒಂದು ದಿನ ಅವರು ಮೆಲ್ಲಗೆ ಕೇಳಿದರು. "ಆ ಹಳೇ ಕಾಗದ ಇನ್ಯಾಕೆ? ಹರಿದು ಹಾಕಮ್ಮ."

"ಮಾದರಿ ಹರೀಬಾರದು ಅಂತ ನೀವೇ ಹೇಳಿದ್ದು ಮಾಸ್ಟರ್."

ಅವಳು ಅದನ್ನು ದಪ್ಪ ವಕೀಲನ ತೋಳಿನ ಹಿಂದಿನಿಂದ ತೆಗೆದು, ಬಿಚ್ಚಿ, ಅಪ್ಪನ ಕುರ್ಚಿಯ ಎದುರಿನ ಗೋಡೆಗೆ ನಾಲ್ಕೂ ಮೂಲೆಗೆ ಪಿನ್ನು ಹಾಕಿ ಹಚ್ಚಿದಳು. ಗಿರಾಕಿಗಳಿಗೆ ಅದು ಯಾವುದೋ ಕೋಟಿನ ಬೆನ್ನು ಅನ್ನಿಸುತ್ತದೆ. ಮಾಸ್ಟರ್ ಎರಡು ದಿನ ಅದನ್ನು ನೋಡುತ್ತಾ ಕೂತರು. ಮೂರನೇ ದಿನ ಕುರ್ಚಿಯನ್ನು ಬೀದಿಯ ಕಡೆಗೆ ತಿರುಗಿಸಿಕೊಂಡರು. ಅದರ ಹಿಂಗಾಲು ಅವಳ ಒಂದಡಿಯ ಒಳಗೆ ಬಂದಿತ್ತು. ಅವಳು ನೋಡಿದಳು, ಸೀಮೆಸುಣ್ಣ ಎತ್ತಿಕೊಂಡು ಬಟ್ಟೆಯ ಮೇಲೆ ಹೊಲಿಗೆಗೆ ಅರ್ಧ ಇಂಚು ಬಿಟ್ಟು ಗೆರೆ ಎಳೆದಳು.